ಜಾರಿ ಆಯಿತೇ, ಇಲ್ಲವೇ?

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈಯಲ್ಲಿ ಕಾಗದದ ಕಟ್ಟು ಹಿಡಿದವರೊಬ್ಬರು ಬಾಗಿಲಿಗೆ ಬಂದು ಮನೆಯ ಯಜಮಾನರ ಹೆಸರು ಹೇಳಿ, "ಇದ್ದಾರಾ?" ಎಂದು ಕೇಳುತ್ತಾರೆ. ಒಳಗಿನಿಂದ ಯಜಮಾನರೇ ಪಿಸುಗುಡುತ್ತಾರೆ: "ಊರಲ್ಲಿಲ್ಲ ಅಂತ ಹೇಳು." ಬಂದವರು ಕೋರ್ಟಿನ ಅಮೀನರು, ಈಗಿನ ಕಚೇರಿ ಭಾಷೆಯಲ್ಲಿ ಆದೇಶ ಜಾರಿಕಾರರು. ಅವರ ಕೈಯಲ್ಲಿರುವುದು ಸಮನ್ಸ್. ಆ ಕಾಗದ ಮುಟ್ಟದಿದ್ದರೆ ಕೇಸೂ ನಮ್ಮನ್ನು ಮುಟ್ಟುವುದಿಲ್ಲ ಎಂಬ ನಂಬಿಕೆ ಬಹಳ ಹಳೆಯದು. ಅದು ಏಕೆ ತಪ್ಪು ಎಂದು ತಿಳಿಯಲು ಒಂದು ಪದ ಅರ್ಥವಾದರೆ ಸಾಕು. ಆ ಪದ 'ಜಾರಿ'.

ಮೊದಲು ಸಮನ್ಸ್ ಬಗ್ಗೆ ಎರಡು ಮಾತು. ಸಮನ್ಸ್ ಎಂದರೆ ಕರೆ. ಅದು ತೀರ್ಪಲ್ಲ, ನೀವು ತಪ್ಪು ಮಾಡಿದ್ದೀರಿ ಎಂಬ ಅಭಿಪ್ರಾಯವೂ ಅಲ್ಲ. "ನಿಮ್ಮ ಮೇಲೆ ಇಂಥವರು ದಾವೆ ಹೂಡಿದ್ದಾರೆ, ಇಂಥ ದಿನ ಬಂದು ನಿಮ್ಮ ಮಾತು ಹೇಳಿ" ಎಂದು ನ್ಯಾಯಾಲಯ ತನ್ನ ಮೊಹರು ಒತ್ತಿ ಕಳಿಸುವ ಕಾಗದ. ಒಬ್ಬರ ಮಾತು ಕೇಳದೆ ಅವರ ವಿರುದ್ಧ ತೀರ್ಮಾನ ಮಾಡಬಾರದು ಎಂಬ ತತ್ವದ ಮೇಲೆ ಇಡೀ ಏರ್ಪಾಡು ನಿಂತಿದೆ. ಹೀಗಾಗಿ ಸಮನ್ಸ್ ಬಂದದ್ದು ಅವಮಾನವಲ್ಲ. ಬರದೇ ಇದ್ದರೆ ಆಗ ಹೆದರಬೇಕು.

ಈಗ ಜಾರಿ. ಕನ್ನಡದ 'ಜಾರು' ಧಾತುವಿಗೂ ಇದಕ್ಕೂ ನಂಟಿಲ್ಲ. ಇದು ಅರಬ್ಬಿ ಮೂಲದ ಪದ. ಹರಿಯುತ್ತಿರುವ, ನಡೆಯುತ್ತಿರುವ ಎಂದು ಅರ್ಥ. ಆಡಳಿತದ ಭಾಷೆಯಾಗಿದ್ದ ಪಾರಸಿಯ ಮೂಲಕ ನಮ್ಮ ಕಚೇರಿಗಳಿಗೆ ಬಂದು ಉಳಿದುಕೊಂಡಿತು. ಕಾನೂನು ಜಾರಿಗೆ ಬರುವುದೂ ಇದೇ ಜಾರಿ, ಸಮನ್ಸ್ ಜಾರಿಯಾಗುವುದೂ ಇದೇ ಜಾರಿ. ಆದರೆ ಜಾರಿಯಿಂದ ಜಾರಿಕೊಳ್ಳುವವರನ್ನು ನೋಡಿದರೆ ಎರಡೂ ಪದ ಒಂದೇ ಎನಿಸುವುದುಂಟು!

ಕೋರ್ಟಿನಲ್ಲಿ ಜಾರಿ ಎಂದರೆ ಕರೆ ನಿಮ್ಮನ್ನು ತಲುಪಿತು ಎಂದು ಕಾನೂನು ಒಪ್ಪಿಕೊಳ್ಳುವುದು. ನೀವು ಒಪ್ಪಿಕೊಳ್ಳುವುದಲ್ಲ, ಕಾನೂನು ಒಪ್ಪಿಕೊಳ್ಳುವುದು. ಗುಟ್ಟೆಲ್ಲ ಇಲ್ಲಿದೆ.

ಸಿವಿಲ್ ವ್ಯವಹಾರದಲ್ಲಿ ಇದರ ದಾರಿಗಳು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದಲ್ಲಿವೆ. ಪ್ರತಿವಾದಿಗೆ ಖುದ್ದು ಕೊಟ್ಟು ಸಹಿ ಪಡೆಯುವುದು ಮೊದಲ ದಾರಿ. ಅವರು ಮನೆಯಲ್ಲಿಲ್ಲ, ಸದ್ಯಕ್ಕೆ ಸಿಗುವ ಸೂಚನೆಯೂ ಇಲ್ಲ ಎಂದಾದರೆ ಜೊತೆಯಲ್ಲಿ ವಾಸವಿರುವ ಕುಟುಂಬದ ವಯಸ್ಕರೊಬ್ಬರ ಕೈಗೆ ಕೊಡಬಹುದು. ಮನೆಗೆಲಸದವರ ಕೈಗೆ ಕೊಟ್ಟರೆ ಮಾತ್ರ ಜಾರಿಯಾಗದು. ಸಹಿ ಮಾಡಲ್ಲ ಎಂದರೆ? ಅಮೀನರು ಜಗಳವಾಡುವುದಿಲ್ಲ. ಹೊರಬಾಗಿಲಿಗೆ ಒಂದು ಪ್ರತಿ ಅಂಟಿಸುತ್ತಾರೆ. ಮನೆ ತೋರಿಸಿದವರು ಯಾರು, ಯಾರ ಸಮಕ್ಷಮ ಅಂಟಿಸಿದೆ ಎಂದು ಷರಾ ಬರೆದು ಮೂಲ ಕಾಗದವನ್ನು ಕೋರ್ಟಿಗೆ ಒಪ್ಪಿಸುತ್ತಾರೆ. ಅಂಚೆಯಲ್ಲಿ ಬಂದದ್ದನ್ನು 'ನಿರಾಕರಿಸಿದರು' ಎಂಬ ಷರಾದೊಂದಿಗೆ ವಾಪಸು ಕಳಿಸಿದರೂ ಜಾರಿಯಾಗಿದೆ ಎಂದು ಕೋರ್ಟು ಘೋಷಿಸುತ್ತದೆ. ತಪ್ಪಿಸಿಕೊಂಡು ಓಡಾಡುವವರಿಗೆ ಕೊನೆಯಲ್ಲಿ ದಿನಪತ್ರಿಕೆಯ ಪ್ರಕಟಣೆ. ಅದನ್ನು ನೀವು ಓದಿದಿರೋ ಇಲ್ಲವೋ, ಯಾರೂ ಕೇಳುವುದಿಲ್ಲ. ಅಂಟಿಸಿದ ಕಾಗದ ಕಿತ್ತುಹಾಕುವ ಯೋಚನೆಯಿದ್ದರೆ ಅದೂ ಬೇಡ; ಭಾರತೀಯ ನ್ಯಾಯ ಸಂಹಿತೆಯ 207ನೇ ಕಲಂನಲ್ಲಿ ಅದೇ ಬೇರೊಂದು ಅಪರಾಧ.

ಮೇಲೆ 'ವಯಸ್ಕರೊಬ್ಬರು' ಎಂದೆ. ಆ ಒಂದು ಪದದ ಹಿಂದೆ ಕಥೆಯಿದೆ. ಹಿಂದೆ ಕಾನೂನಿನಲ್ಲಿ ಇದ್ದದ್ದು 'ವಯಸ್ಕ ಗಂಡಸು' ಎಂದು. ಮನೆ ನಡೆಸುವ ಹೆಂಗಸು ಹೊಸ್ತಿಲಲ್ಲೇ ನಿಂತಿದ್ದರೂ ಆಕೆಯ ಕೈಗೆ ಕೊಟ್ಟದ್ದು ಜಾರಿಯಲ್ಲ! ಸಿವಿಲ್ ಕಡೆ 1976ರ ತಿದ್ದುಪಡಿ ಇದನ್ನು ಸರಿಪಡಿಸಿತು. ಕ್ರಿಮಿನಲ್ ಕಡೆ ಮಾತ್ರ 'ಗಂಡಸು' ಹಾಗೇ ಕೂತಿದ್ದ. 2024ರ ಜುಲೈ 1ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ ಮೇಲೆ ಅಲ್ಲಿಂದಲೂ ಎದ್ದುಹೋದ. ನಡುವೆ ನಲವತ್ತೆಂಟು ವರ್ಷ. ಇದಕ್ಕೆ ಇಷ್ಟು ಕಾಲ ಏಕೆ ಬೇಕಾಯಿತೋ ನನಗಂತೂ ಅರ್ಥವಾಗಿಲ್ಲ.

ಜಾರಿಯಾದ ದಿನ ಏಕೆ ಮುಖ್ಯ? ಅಂದಿನಿಂದಲೇ ಗಡಿಯಾರ ಓಡುತ್ತದೆ. ಪ್ರತಿವಾದಿ 30 ದಿನದೊಳಗೆ ತನ್ನ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ಕೊಟ್ಟರೆ 90 ದಿನದವರೆಗೆ ಅವಕಾಶ. ವಾಣಿಜ್ಯ ವ್ಯಾಜ್ಯವಾದರೆ 120 ದಿನವೇ ಗಡಿ, ಆಮೇಲೆ ಕೋರ್ಟಿಗೂ ಕೈಕಟ್ಟಿದ ಹಾಗೆ. ಜಾರಿಯಾದ ಮೇಲೂ ಹಾಜರಾಗದಿದ್ದರೆ ನ್ಯಾಯಾಧೀಶರು 'ಏಕಪಕ್ಷೀಯ' ಎಂದು ಬರೆದು ಮುಂದೆ ಸಾಗುತ್ತಾರೆ, ಎದುರಾಳಿಯ ಮಾತಷ್ಟೇ ಕಡತಕ್ಕೆ ಸೇರುತ್ತದೆ. ಸಮನ್ಸ್ ನಿಜಕ್ಕೂ ಸರಿಯಾಗಿ ಜಾರಿಯಾಗದೆ ಡಿಕ್ರಿ ಆಗಿಹೋಗಿದ್ದರೆ, ಅದು ಗೊತ್ತಾದ 30 ದಿನದೊಳಗೆ ರದ್ದು ಕೋರಿ ಅರ್ಜಿ ಹಾಕಬಹುದು. ಆದರೆ "ನನಗೆ ಗೊತ್ತೇ ಇರಲಿಲ್ಲ" ಎನ್ನುವವರ ಮುಂದೆ ಅಮೀನರ ಷರಾ ಇಟ್ಟಾಗ ಬಹಳಷ್ಟು ಸಲ ಮಾತು ಅಲ್ಲಿಗೇ ನಿಲ್ಲುತ್ತದೆ.

ಸಾಕ್ಷಿಗೂ ಸಮನ್ಸ್ ಬರುತ್ತದೆ. ಸಿವಿಲ್ ಕೇಸಿನಲ್ಲಿ ಕರೆಸಿದವರು ಹೋಗಿಬರುವ ಖರ್ಚನ್ನು ಮೊದಲೇ ಕೋರ್ಟಿಗೆ ಕಟ್ಟಿರಬೇಕು. ಇದನ್ನೇ ಸಾಕ್ಷಿ ಬತ್ತೆ ಎನ್ನುವುದು. ಕೇಳಿ ಪಡೆಯಲು ಸಂಕೋಚ ಬೇಡ. ಬರೀ ದಾಖಲೆ ತರಲು ಕರೆದಿದ್ದರೆ ಬೇರೆಯವರ ಕೈಲಿ ಕಳಿಸಿದರೂ ನಡೆಯುತ್ತದೆ.

ಪೊಲೀಸ್ ಠಾಣೆಯಿಂದ ಬರುವ ನೋಟಿಸು ಸಮನ್ಸ್ ಅಲ್ಲ, ಅದರ ಕಲಂಗಳೇ ಬೇರೆ. ಆರೋಪಿಗೆ ಹಾಜರಾಗಲು ಹೇಳುವ, ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಂನ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ರಿಮಿನಲ್ ನ್ಯಾಯಾಲಯದ ಸಮನ್ಸ್ ಮಾತ್ರ ಮೊಹರಿನ ಚಿತ್ರದೊಂದಿಗೆ ಎಲೆಕ್ಟ್ರಾನಿಕ್ ರೂಪದಲ್ಲಿ ಬರಬಹುದು ಎಂದು ಹೊಸ ಸಂಹಿತೆಯೇ ಒಪ್ಪಿದೆ. ಈ ಗೊಂದಲವೇ ಮೋಸಗಾರರ ಬಂಡವಾಳ. ವಿಡಿಯೊ ಕರೆಯಲ್ಲಿ ನಕಲಿ ಸಮನ್ಸ್ ತೋರಿಸಿ, 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ಹಣ ಕೇಳುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲ. ಯಾವ ಸಮನ್ಸೂ ಹಣ ಕಳಿಸಿ ಎನ್ನುವುದಿಲ್ಲ, ಬನ್ನಿ ಎನ್ನುತ್ತದೆ. ಅನುಮಾನವಿದ್ದರೆ ಕಾಗದದಲ್ಲಿರುವ ಕೇಸ್ ನಂಬರನ್ನೋ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನೋ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ನೋಡಿ. ಕೇಸು ನಿಜವಾಗಿದ್ದರೆ ಸಾಮಾನ್ಯವಾಗಿ ಮುಂದಿನ ದಿನಾಂಕವೂ ಅಲ್ಲೇ ಕಾಣುತ್ತದೆ.

ಇನ್ನು ಅಮೀನರು ಬಂದಾಗ ಬಾಗಿಲು ತೆಗೆಯಿರಿ. ಸಹಿ ಹಾಕುವಾಗ ಅದರ ಕೆಳಗೆ ಅಂದಿನ ದಿನಾಂಕ ಬರೆಯಿರಿ. ದಾವೆಯ ಪ್ರತಿ ಜೊತೆಗಿದೆಯೇ ನೋಡಿ, ಇಲ್ಲದಿದ್ದರೆ ಅದನ್ನೂ ಅಲ್ಲೇ ಬರೆಯಿರಿ. ಆಮೇಲೆ ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅದೇ ವಾರ ವಕೀಲರನ್ನು ಕಾಣಿರಿ.