ಆರನೆಯ ಹಲ್ಲು

ಮಗುವಿನ ಹಲ್ಲಿನಲ್ಲಿ ಕಪ್ಪು ಕುಳಿ ಕಂಡರೆ ‘ಹಲ್ಲಿಗೆ ಹುಳು ಬಿದ್ದಿದೆ’ ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ‘ಹಾಲುಹಲ್ಲು ತಾನೆ, ಬಿದ್ದು ಬೇರೆ ಬರುತ್ತದೆ’ ಎಂದು ಸಮಾಧಾನ ತಂದುಕೊಳ್ಳುವುದೂ ಉಂಟು. ಈ ಎರಡು ಮಾತುಗಳಲ್ಲಿ ಮೊದಲನೆಯದು ತಪ್ಪು, ಎರಡನೆಯದು ಅಪಾಯಕರ. ಅದು ಹೇಗೆಂಬುದನ್ನು ವಿಚಾರ ಮಾಡೋಣ.

ಹುಳುಕುಹಲ್ಲಿನಲ್ಲಿ ಹುಳುವಿರುವುದಿಲ್ಲ. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಕಾರಣವನ್ನು ವಿವರಿಸಿದನು. ಬಾಯಿಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಸಕ್ಕರೆ, ಪಿಷ್ಟಗಳನ್ನು ಹುದುಗಿಸಿ ಆಮ್ಲವನ್ನುಂಟುಮಾಡುತ್ತವೆ. ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ. ಹಲ್ಲಿನ ಹೊರಹೊದಿಕೆಯಾದ ಎನಾಮಲ್ ನಮ್ಮ ದೇಹದಲ್ಲೆಲ್ಲ ಅತ್ಯಂತ ಕಠಿಣವಾದ ವಸ್ತು. ತೂಕದಲ್ಲಿ ಅದರ ಸುಮಾರು ನೂರಕ್ಕೆ 96 ಪಾಲು ಖನಿಜವೇ. ಆದರೂ ಹಲ್ಲಿಗೆ ಅಂಟಿದ ಲೋಳೆಪದರದ ಪಿಎಚ್ ಮೌಲ್ಯ ಸುಮಾರು 5.5ಕ್ಕಿಂತ ಕೆಳಗಿಳಿದರೆ ಆ ಖನಿಜ ಕರಗತೊಡಗುತ್ತದೆ.

ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹೀಗಾಗಬಲ್ಲುದು. ಬಳಿಕ ಲಾಲಾರಸವು ಆಮ್ಲದ ಶಕ್ತಿಯನ್ನು ಕುಂದಿಸಿ, ತನ್ನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟುಗಳಿಂದ ನಷ್ಟವನ್ನು ತುಂಬುತ್ತದೆ. ಇದಕ್ಕೆ ಅರ್ಧ ಗಂಟೆಯೋ ಅದಕ್ಕೂ ಹೆಚ್ಚೋ ಕಾಲ ಬೇಕು. ಆದುದರಿಂದ ಊಟದೊಡನೆ ಒಮ್ಮೆ ತಿಂದ ಸಿಹಿಗಿಂತ ದಿನವಿಡೀ ಆಗಾಗ ಚೀಪುವ ಪೆಪ್ಪರಮೆಂಟು ಹೆಚ್ಚು ಹಾನಿಕರ. ಲಾಲಾರಸಕ್ಕೆ ದುರಸ್ತಿಯ ಬಿಡುವೇ ದೊರೆಯದು. ಕುಳಿ ಬಿದ್ದ ಮೇಲಂತೂ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದನ್ನು ನಿರ್ಮಿಸಿದ ಜೀವಕೋಶಗಳು ಹಲ್ಲು ಹೊರಬರುವ ವೇಳೆಗೇ ನಾಶವಾಗಿರುತ್ತವೆ.

ಇನ್ನು ಎರಡನೆಯ ಮಾತು. ಹಾಲುಹಲ್ಲುಗಳು 20, ಅವು ಉದುರಿ ಶಾಶ್ವತ ಹಲ್ಲುಗಳಿಗೆ ಎಡೆಗೊಡುತ್ತವೆ. ಆದರೆ ಸುಮಾರು ಆರನೆಯ ವಯಸ್ಸಿನಲ್ಲಿ, ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲುಗಳ ಸಾಲಿನ ಹಿಂದೆ ನಾಲ್ಕು ಮೂಲೆಗಳಲ್ಲಿಯೂ ಒಂದೊಂದು ದವಡೆಹಲ್ಲು ಮೂಡುತ್ತದೆ. ಇವು ಶಾಶ್ವತ ಹಲ್ಲುಗಳು. ಹಳೆಯ ಹಲ್ಲು ಬೀಳದಿದ್ದುದರಿಂದ ಹಿರಿಯರು ಇವನ್ನೂ ಹಾಲುಹಲ್ಲೆಂದೇ ಭಾವಿಸಿ ಉಪೇಕ್ಷಿಸುವ ಸಂಭವವಿದೆ. ಇವುಗಳ ಮೇಲ್ಭಾಗದ ಸೀಳುಗಳಾದರೋ ಬಹಳ ಕಿರಿದು; ಕೆಲವೆಡೆ ಬ್ರಷ್ಷಿನ ಎಳೆಯೂ ತೂರಲಾರದು. ಒಮ್ಮೆ ಕಳೆದುಕೊಂಡರೆ ಪಕ್ಕದ ಹಲ್ಲುಗಳು ಆ ತೆರವಿನತ್ತ ವಾಲುತ್ತವೆ, ಅಗಿತ ಕೆಡುತ್ತದೆ. ಹಾಲುಹಲ್ಲುಗಳೂ ಅಲಕ್ಷ್ಯಕ್ಕೆ ಅರ್ಹವಲ್ಲ. ಹಿಂಬದಿಯ ಹಾಲುಹಲ್ಲು ಅಕಾಲದಲ್ಲಿ ಹೋದರೆ ಆರನೆಯ ವಯಸ್ಸಿನ ಹಲ್ಲು ಮುಂದಕ್ಕೆ ಸರಿದು, ಬರಲಿರುವ ಹಲ್ಲಿನ ಸ್ಥಳವನ್ನು ಆಕ್ರಮಿಸುತ್ತದೆ.

ಈ ಹಲ್ಲನ್ನು ಗುರುತಿಸುವುದು ಸುಲಭ. ಮುಂಭಾಗದ ನಡುಗೆರೆಯಿಂದ ಒಂದು ಪಕ್ಕಕ್ಕೆ ಎಣಿಸುತ್ತ ಹೋಗಿ; ಬಿದ್ದ ಹಲ್ಲಿನ ತೆರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಲುಹಲ್ಲುಗಳು ಐದು, ಅವುಗಳ ಹಿಂದಿನ ಆರನೆಯದೇ ಈ ಹಲ್ಲು. ಆರನೆಯ ವಯಸ್ಸು, ಆರನೆಯ ಹಲ್ಲು ಎಂದು ನೆನಪಿಡಬಹುದು.

ರಕ್ಷಣೆಯ ಕ್ರಮವೂ ಸರಳ. ದಿನಕ್ಕೆರಡು ಬಾರಿ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಬೇಕು. ಮೂರರಿಂದ ಆರು ವರ್ಷದ ಮಗುವಿಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ಅದನ್ನು ನುಂಗದಂತೆ ನೋಡಿಕೊಳ್ಳಬೇಕು. ನಿದ್ರೆಯಲ್ಲಿ ಲಾಲಾರಸ ಕಡಿಮೆಯಾಗುವುದರಿಂದ ಮಲಗುವ ಮುನ್ನಿನ ಉಜ್ಜುವಿಕೆಯೇ ಮುಖ್ಯ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಬೇಕಾದಷ್ಟು ಹದವಿರುವುದಿಲ್ಲ, ಹಿರಿಯರು ನೆರವಾಗಬೇಕು. ಹೊಸದಾಗಿ ಮೂಡುತ್ತಿರುವ ಹಲ್ಲು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಹಿಡಿದು ಉಜ್ಜಬೇಕು. ಅದರ ಸೀಳುಗಳಿಗೆ ತೆಳುವಾದ ರಾಳದ ಲೇಪ ಹಚ್ಚಿ ಮುಚ್ಚುವ ವಿಧಾನವೂ ದಂತವೈದ್ಯರಲ್ಲಿದೆ. ಅದಕ್ಕೆ ಹಲ್ಲನ್ನು ಕೊರೆಯಬೇಕಾಗಿಲ್ಲ, ನೋವೂ ಇಲ್ಲ.

ವಿದ್ಯಾರ್ಥಿಗಳೇ, ಮೊದಲು ಕನ್ನಡಿಯ ಮುಂದೆ ನಿಂತು ನಿಮ್ಮ ಆರನೆಯ ಹಲ್ಲುಗಳನ್ನು ಪರೀಕ್ಷಿಸಿರಿ. ಬಳಿಕ ಮನೆಯಲ್ಲಿ ಆರೇಳು ವರ್ಷದ ತಮ್ಮನೋ ತಂಗಿಯೋ ಇದ್ದರೆ ಬೆಳಕಿನಲ್ಲಿ ಕೂರಿಸಿ ಎಣಿಸಿರಿ. ಆರನೆಯ ಹಲ್ಲು ಕಂಡರೆ ‘ಇದು ಹಾಲುಹಲ್ಲಲ್ಲ, ಜೀವಮಾನಕ್ಕೆ ಬಂದದ್ದು’ ಎಂದು ಮನೆಯವರಿಗೆ ತೋರಿಸಿ ಹೇಳಿರಿ.