ಹಲ್ಲಿನ ಇಂಪ್ಲಾಂಟ್ ಆದ ಮೇಲೆ ಏನು ಉಣ್ಣಬೇಕು?

ನಮ್ಮ ಜಿಲ್ಲೆಯವರಿಗೆ ಹಲ್ಲಿನ ತೊಂದರೆ ಹೊಸದಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಬರುವ ನಮ್ಮ ಗೆಳೆಯರಲ್ಲೇ ಹಲ್ಲಿನ ಮೇಲೆ ಕಂದು ಗೆರೆ ಇರುವವರಿದ್ದಾರೆ. ಕೊಳವೆಬಾವಿ ನೀರಿನ ಫ್ಲೋರೈಡ್ ಅದಕ್ಕೆ ಕಾರಣ ಎಂದು ಹೈಸ್ಕೂಲಿನಲ್ಲೇ ಓದಿದ್ದೇವೆ. ಆದರೆ ಹಲ್ಲು ಬಿದ್ದುಹೋದ ಮೇಲೆ, ಹೊಸ ಹಲ್ಲು ಕೂರಿಸಿದ ಮೇಲೆ ಊಟ ಹೇಗೆ ಎಂಬುದನ್ನು ಯಾವ ಪಾಠದಲ್ಲೂ ಓದಿಲ್ಲ. ಕಾಮರ್ಸ್ ವಿದ್ಯಾರ್ಥಿಗೆ ಇದೆಲ್ಲ ಯಾಕೆ ಎಂದು ಸೈನ್ಸ್ ವಿಭಾಗದವರು ನಗಬಹುದು. ನನ್ನ ನಾನಿಯ ಎರಡು ಇಂಪ್ಲಾಂಟಿಗೆ ಮಾಮು ಎರಡು ವರ್ಷ ಕಟ್ಟಿದ ಚೀಟಿಯ ದುಡ್ಡು ಪೂರ್ತಿ ಹೋಯಿತು. ಅದು ದವಡೆಯಲ್ಲಿ ಕೂರದಿದ್ದರೆ ಹಣವೂ ಹೋಯಿತು, ಹಲ್ಲೂ ಹೋಯಿತು. ಇದಕ್ಕಿಂತ ದೊಡ್ಡ ಕಾಮರ್ಸ್ ಏನಿದೆ?

ಮೊದಲು ಇಂಪ್ಲಾಂಟ್ ಎಂದರೇನು ಎಂದು ಹೇಳಿಬಿಡುತ್ತೇನೆ. ಅದು ದವಡೆಯ ಮೂಳೆಯೊಳಗೆ ಕೂರಿಸುವ ಒಂದು ಚಿಕ್ಕ ಟೈಟಾನಿಯಂ ಸ್ಕ್ರೂ. ಹಲ್ಲಿನ ಬೇರು ಇದ್ದ ಜಾಗದಲ್ಲಿ ಅದು ನಿಲ್ಲುತ್ತದೆ, ಅದರ ಮೇಲೆ ಆಮೇಲೆ ಹಲ್ಲಿನ ಕ್ಯಾಪ್ ಕೂರುತ್ತದೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1952ರಲ್ಲಿ ಮೊಲದ ಮೂಳೆಯೊಳಗೆ ಟೈಟಾನಿಯಂ ಸಾಧನವಿಟ್ಟು ಬೇರೇನನ್ನೋ ಪರೀಕ್ಷಿಸುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಮೂಳೆ ಲೋಹವನ್ನು ಹಿಡಿದುಕೊಂಡಿತ್ತು. 1965ರಲ್ಲಿ ಅದೇ ಗುಣವನ್ನು ಬಳಸಿ ಮೊದಲ ಮನುಷ್ಯನ ದವಡೆಗೆ ಇಂಪ್ಲಾಂಟ್ ಹಾಕಿದರು. ಮೂಳೆ ಹೀಗೆ ಹಿಡಿಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಅಷ್ಟು ದಿನ ಸ್ಕ್ರೂ ಅಲುಗಾಡಬಾರದು. ಊಟದ ನಿಯಮಗಳೆಲ್ಲ ಹುಟ್ಟುವುದು ಈ ಒಂದು ಮಾತಿನಿಂದ.

ನಾನಿಗೆ ಶಸ್ತ್ರಚಿಕಿತ್ಸೆ ಆದದ್ದು ಏಪ್ರಿಲ್‌ನಲ್ಲಿ. ದಿನಕ್ಕೆ ಮೂರು ಹೊತ್ತು ಮಾತ್ರೆ ಇರುತ್ತದೆ ಎಂದು ವೈದ್ಯರು ಹೇಳಿದ್ದರಿಂದ ರಂಜಾನ್ ಮುಗಿದ ಮೇಲೇ ದಿನ ಗೊತ್ತು ಮಾಡಿದರು. ಪ್ರಥಮ ಪಿಯುಸಿ ಪರೀಕ್ಷೆ ಮುಗಿಸಿ ನಾನೂ ಹಿರಿಯೂರಿಗೆ ಹೋಗಿದ್ದೆ. ಅಡುಗೆ ಮಾಮಿಯದು, ಲೆಕ್ಕ ನನ್ನದು.

ಮೊದಲ ದಿನದ ನಿಯಮ ಸುಲಭ. ಬಿಸಿ ಬೇಡ, ಖಾರ ಬೇಡ, ಸ್ಟ್ರಾ ಬೇಡ. ಗಾಯದ ಮೇಲೆ ರಕ್ತ ಹೆಪ್ಪುಗಟ್ಟಿ ಮುಚ್ಚಳದಂತೆ ನಿಂತಿರುತ್ತದೆ. ಸ್ಟ್ರಾದಲ್ಲಿ ಎಳೆದರೆ, ಜೋರಾಗಿ ಬಾಯಿ ಮುಕ್ಕಳಿಸಿ ಉಗಿದರೆ ಅದು ಕಿತ್ತು ಬರಬಹುದು. ಬಿಸಿ ಚಹಾ ಕುಡಿದರೆ ರಕ್ತ ಮತ್ತೆ ಒಸರುತ್ತದೆ. ಹೊಸದುರ್ಗದ ಎಳನೀರು ಒಳ್ಳೆಯದೇ, ಆದರೆ ಲೋಟಕ್ಕೆ ಸುರಿದು ಕುಡಿಯಬೇಕು. ತಣ್ಣನೆಯ ಹಾಲು, ನೀರು ಮಜ್ಜಿಗೆ, ಆರಿದ ರಾಗಿ ಅಂಬಲಿ, ಮೊಸರು, ಇಷ್ಟು ಸಾಕು.

ಕಷ್ಟ ಇರುವುದು ತಿನ್ನಿಸುವುದರಲ್ಲಿ. ನಾನಿ ಎಲ್ಲದಕ್ಕೂ "ನಕ್ಕೋ" ಎಂದರು. ಬಾಯಿ ಜೋಮು ಹಿಡಿದಿದೆ, ಏನೂ ರುಚಿಯಿಲ್ಲ ಎಂದು ಸಂಜೆವರೆಗೆ ಅರ್ಧ ಲೋಟ ಮಜ್ಜಿಗೆ ಮಾತ್ರ ಕುಡಿದಿದ್ದರು. ಅವರಿಗೆ ಹದಿಮೂರು ವರ್ಷದಿಂದ ಸಕ್ಕರೆ ಕಾಯಿಲೆ. ಅಭ್ಯಾಸದಂತೆ ಸಕ್ಕರೆ ಮಾತ್ರೆ ನುಂಗಿಬಿಟ್ಟಿದ್ದರು. ರಾತ್ರಿ ಒಂಬತ್ತಕ್ಕೆ ಕೈ ನಡುಗಿತು, ಹಣೆಯಲ್ಲಿ ಬೆವರು, ಮಾತು ತೊದಲಿತು. ಮನೆಯ ಮೀಟರಿನಲ್ಲಿ ನೋಡಿದರೆ 58. ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಅಪಾಯ. ಮಾಮಿ ಮೂರು ಚಮಚ ಸಕ್ಕರೆ ಕದಡಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 84 ಇತ್ತು. ಆಮೇಲೆ ಒಂದು ಬಟ್ಟಲು ಆರಿದ ಗಂಜಿ ಕುಡಿದು ಮಲಗಿದರು. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮನೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ ಹಲ್ಲಿನ ಶಸ್ತ್ರಚಿಕಿತ್ಸೆ ಇದ್ದರೆ, ಊಟ ಕಡಿಮೆಯಾದ ದಿನ ಮಾತ್ರೆ ಅಥವಾ ಇನ್ಸುಲಿನ್ ಎಷ್ಟು ಎಂದು ಸಕ್ಕರೆ ನೋಡುವ ವೈದ್ಯರನ್ನು ಮೊದಲೇ ಕೇಳಿ. ಸಕ್ಕರೆ ಹೆಚ್ಚಾದರೂ ತೊಂದರೆಯೇ, ಗಾಯ ಬೇಗ ಮಾಯುವುದಿಲ್ಲ.

ಮರುದಿನದಿಂದ ನಾನು ನೋಟ್‌ಬುಕ್ಕಿನಲ್ಲಿ ಖಾತೆ ತೆರೆದೆ. ಗಾಯ ಕೂಡಲು ಮುಖ್ಯವಾಗಿ ಬೇಕಾದದ್ದು ಪ್ರೊಟೀನ್. ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 0.83 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ನಾನಿಯ ತೂಕ 52 ಕಿಲೋ, ಅಂದರೆ ಕನಿಷ್ಠ 43 ಗ್ರಾಂ. ಎರಡು ಮೊಟ್ಟೆಯಿಂದ 12, ಹಾಲು ಮೊಸರು ಸೇರಿ ಅರ್ಧ ಲೀಟರಿನಿಂದ 16, ಐವತ್ತು ಗ್ರಾಂ ತೊಗರಿಬೇಳೆಯಿಂದ 11, ಅಕ್ಕಿಯಿಂದ 6, ರಾಗಿಯಿಂದ 3. ಒಟ್ಟು 48. ಮೆಡಿಕಲ್ ಅಂಗಡಿಯ ಪ್ರೊಟೀನ್ ಡಬ್ಬಿ ಬೇಕಾಗಲಿಲ್ಲ.

ಇಲ್ಲಿ ಒಂದು ಮೋಸವಿದೆ. ಮೆತ್ತಗಿನ ಊಟ ಎಂದರೆ ನಮ್ಮ ಮನೆಗಳಲ್ಲಿ ಬೇಳೆ ಬೇಯಿಸಿ, ಸೋಸಿ, ಕಟ್ಟು ಮಾತ್ರ ಕೊಡುತ್ತಾರೆ. ಗಂಜಿಯಲ್ಲೂ ತಿಳಿ ಮಾತ್ರ. ಹಾಗೆ ಮಾಡಿದರೆ ಪ್ರೊಟೀನಿನ ದೊಡ್ಡ ಪಾಲು ಜರಡಿಯಲ್ಲೇ ಉಳಿಯುತ್ತದೆ, ರೋಗಿಗೆ ಸಿಗುವುದು ಹೆಚ್ಚುಪಾಲು ನೀರು. ಸೋಸುವ ಬದಲು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಬೇಕು. ಅಕ್ಕಿ ಬೇಳೆ ಎರಡನ್ನೂ ಕರಗುವಂತೆ ಬೇಯಿಸಿದ ಖಿಚಡಿ ಮೂರನೆಯ ದಿನದಿಂದ ನಾನಿಗೆ ಹಿಡಿಸಿತು. ಮೊಟ್ಟೆಯನ್ನು ಈರುಳ್ಳಿ, ಹಸಿಮೆಣಸಿನಕಾಯಿ ಹಾಕದೆ ಹಾಲಿನಲ್ಲಿ ಕಲಸಿ ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸುತ್ತಿದ್ದರು.

ಪಾಯಾ ಶೋರ್ಬಾ ಕುಡಿದರೆ ಮೂಳೆ ಕೂಡುತ್ತದೆ ಎಂದು ಬಂದವರೆಲ್ಲ ಹೇಳಿದರು. ಒಬ್ಬ ಖಾಲಾ ಡಬ್ಬಿಯಲ್ಲಿ ತುಂಬಿಕೊಂಡೇ ಬಂದರು. ಅದರಲ್ಲಿ ಇರುವುದು ಹೆಚ್ಚಾಗಿ ಜೆಲಾಟಿನ್. ದೇಹಕ್ಕೆ ಬೇಕಾದ ಒಂದು ಅಮೈನೋ ಆಮ್ಲ ಅದರಲ್ಲಿ ಇಲ್ಲವೇ ಇಲ್ಲ, ಕ್ಯಾಲ್ಸಿಯಂ ಕೂಡ ಅಷ್ಟಕ್ಕಷ್ಟೆ. ಆರಿಸಿ, ಖಾರವಿಲ್ಲದೆ ಕುಡಿದರೆ ತಪ್ಪಿಲ್ಲ, ಆದರೆ ಮೊಟ್ಟೆಯ ಬದಲಿಗೆ ಅಲ್ಲ. ಹಲೀಮ್ ಮಾತ್ರ ಬೇರೆ ಲೆಕ್ಕ. ಗೋಧಿ, ಬೇಳೆ, ಮಾಂಸ ಮೂರೂ ಅರೆದು ಬೆರೆತಿರುತ್ತವೆ, ಅಗಿಯುವ ಕೆಲಸವಿಲ್ಲ. ಎರಡನೆಯ ವಾರ ಮೆಣಸಿನಕಾಯಿ ಇಲ್ಲದೆ ಮಾಡಿದಾಗ ನಾನಿ ಮೊದಲ ಸಲ ಎರಡನೇ ಬಟ್ಟಲು ಕೇಳಿದರು.

ಕ್ಯಾಲ್ಸಿಯಂಗೆ ರಾಗಿಯೇ ಸೈ. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂಗೂ ಹೆಚ್ಚು ಇದೆ. ಮುದ್ದೆಯ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು, ಅದನ್ನು ಯಾರೂ ಅಗಿಯುವುದಿಲ್ಲ, ನುಂಗುತ್ತಾರೆ! ಆದರೂ ಬಿಸಿ ಮುದ್ದೆ ಹೊಲಿಗೆಗೆ ಅಂಟುತ್ತದೆ. ಏಳನೇ ದಿನ ಹೊಲಿಗೆ ಬಿಚ್ಚುವವರೆಗೆ ಅಂಬಲಿ ಕೊಟ್ಟು, ಆಮೇಲೆ ಮೆತ್ತಗಿನ ಮುದ್ದೆಯನ್ನು ಚಿಕ್ಕ ಚಿಕ್ಕ ತುತ್ತು ಮಾಡಿ ಕೊಟ್ಟರು. ಸಾರಿಗೆ ಒಗ್ಗರಣೆ ಇರಲಿಲ್ಲ. ಸಾಸಿವೆ, ಜೀರಿಗೆ, ಎಳ್ಳಿನಂಥ ಕಾಳುಗಳು ಗಾಯದೊಳಗೆ ಸೇರಿಕೊಂಡರೆ ತೆಗೆಯುವುದು ಕಷ್ಟ. ನಮ್ಮ ಕಡೆಯ ದಾಳಿಂಬೆ, ಸೀಬೆಹಣ್ಣು ಎರಡನ್ನೂ ಅದೇ ಕಾರಣಕ್ಕೆ ದೂರ ಇಟ್ಟೆವು. ವಿಟಮಿನ್ ಸಿ ಬೇಕಲ್ಲ, ಅದಕ್ಕೆ ಹಣ್ಣಾದ ಪಪ್ಪಾಯ ಸಾಕು. ಮಂಡಕ್ಕಿ ಮಿರ್ಚಿಯ ಹೆಸರನ್ನು ಮಾಮು ನಾನಿಯ ಎದುರು ಎತ್ತುವಂತಿರಲಿಲ್ಲ.

ಇನ್ನು ನೀರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳು ಇದನ್ನು ಮೀರಿವೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಬಹಳ ಮನೆಗಳಲ್ಲಿ ಘಟಕದ ಶುದ್ಧ ನೀರನ್ನು ಕುಡಿಯಲು ಮಾತ್ರ ಇಟ್ಟು, ಅನ್ನ ಬೇಳೆಗೆ ಕೊಳವೆಬಾವಿ ನೀರು ಹಾಕುತ್ತಾರೆ. ಎರಡು ವಾರ ಗಂಜಿ, ಅಂಬಲಿ, ಖಿಚಡಿಯಲ್ಲೇ ಬದುಕುವವರ ಹೊಟ್ಟೆಗೆ ಹೋಗುವುದು ಅಡುಗೆಯ ನೀರೇ ಅಲ್ಲವೇ? ಹಾಗಾಗಿ ನಾವು ಅಡುಗೆಗೂ ಘಟಕದ ನೀರನ್ನೇ ತಂದೆವು. ಮೂಳೆಗೆ ಆಗುವ ಫ್ಲೋರೋಸಿಸ್ ಎರಡು ವಾರದಲ್ಲಿ ಬರುವುದಲ್ಲ ಎಂದು ನನಗೆ ಗೊತ್ತು. ಆದರೆ ಅಂದಿನಿಂದ ಆ ಮನೆಯಲ್ಲಿ ಅದೇ ರೂಢಿಯಾಗಿದೆ.

ಮಾತ್ರೆಯ ಬಗ್ಗೆ ಎರಡು ಮಾತು. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಕೆಲವು ಆಂಟಿಬಯಾಟಿಕ್‌ಗಳು ಹಾಲು, ರಾಗಿಯ ಕ್ಯಾಲ್ಸಿಯಂ ಜೊತೆ ಸೇರಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಷ್ಟು ಹೊತ್ತು ಅಂತರ ಬಿಡಬೇಕು ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಮೂರನೆಯ ದಿನದ ನಂತರವೂ ಊತ ಏರುತ್ತಿದ್ದರೆ, ಕೀವು, ಜ್ವರ, ನಿಲ್ಲದ ರಕ್ತ ಕಂಡರೆ ಊಟದ ಪಟ್ಟಿ ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು.

ಎಲೆ ಅಡಿಕೆಯ ವಿಷಯ ಕೊನೆಗೆ ಉಳಿಸಿಕೊಂಡೆ, ಯಾಕೆಂದರೆ ಮನೆಯಲ್ಲಿ ಹೆಚ್ಚು ಜಗಳವಾದದ್ದು ಅದಕ್ಕೇ. ಮಾಮು ಹೊಳಲ್ಕೆರೆಯಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಬಳಿ ಲೆಕ್ಕ ಬರೆಯುತ್ತಾರೆ, ಮನೆಯಲ್ಲಿ ಅಡಿಕೆಗೆ ಬರವಿಲ್ಲ. ಅಡಿಕೆ ಚೂರು ಗಟ್ಟಿ, ಅದನ್ನು ಕಡಿಯುವ ಒತ್ತಡ ನೇರ ಸ್ಕ್ರೂ ಮೇಲೆ ಬೀಳುತ್ತದೆ. ತಂಬಾಕು ಸೇರಿದರೆ ಒಸಡಿಗೆ ರಕ್ತ ಓಡಾಡುವುದು ಕಡಿಮೆಯಾಗಿ ಇಂಪ್ಲಾಂಟ್ ಹಿಡಿಯದೆ ಹೋಗುವ ಸಂಭವ ಹೆಚ್ಚು. ನಾನಿ ತಂಬಾಕು ಹಾಕುವವರಲ್ಲ, ಆದರೆ ನಲವತ್ತು ವರ್ಷದ ಎಲೆ ಅಡಿಕೆ. ಮಾಮಿ ಪಾನ್‌ದಾನ್ ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬದಲಿಗೆ ಸೋಂಪು ಕೇಳಿದರು, ಅದೂ ಕಾಳೇ ಎಂದು ನಾವು ಕೊಡಲಿಲ್ಲ. ಹದಿನಾಲ್ಕು ದಿನಕ್ಕೆ ಹಾಲು, ಮೊಟ್ಟೆ, ಎಳನೀರು, ಪಪ್ಪಾಯಕ್ಕೆ ಹೆಚ್ಚಾದ ಖರ್ಚು 900 ರೂಪಾಯಿಯ ಆಸುಪಾಸು. ಎಲೆ ಅಡಿಕೆಯಲ್ಲಿ ಉಳಿದದ್ದನ್ನು ನಾನಿ ತಾವೇ ಕೂಡಿಸಿ ಆ ಖಾತೆಯ ಎದುರು ಜಮಾ ಬರೆಸಿದರು. ಆಗಸ್ಟ್‌ನಲ್ಲಿ ಎಕ್ಸ್‌ರೇ ನೋಡಿ ವೈದ್ಯರು ಎರಡೂ ಹಿಡಿದಿವೆ ಎಂದರು, ಕ್ಯಾಪ್ ಕೂರಿಸಿದರು. ಬೀರುವಿನ ಬೀಗದ ಕೈ ಈಗಲೂ ಮಾಮಿಯ ಹತ್ತಿರವೇ ಇದೆ.