ಆಣೆ ಸಾಲದು, ಒಡನಾಡಿಗಳು ಬೇಕು

ಬಾಳೂರು ಸೀಮೆಯ ಕಿರಿಯ ಓದುಗರಿಗೆ,

ಕುಡಿತ ಬಿಡಬೇಕೆಂದು ಮನಸ್ಸು ಮಾಡಿದ ತರುಣರಿಗೆ ಮಲೆನಾಡಿನಲ್ಲಿ ಮೊದಲು ಸಿಗುವ ಸಲಹೆಯೆಂದರೆ ಆಣೆ ಇಡುವುದು. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲೋ, ಕಳಸೇಶ್ವರನ ಮುಂದೆಯೋ, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳದ ಮಂಜುನಾಥನ ಎದುರೋ ನಿಂತು ಇನ್ನು ಮುಟ್ಟುವುದಿಲ್ಲವೆಂದು ಹೇಳಿ ಬಂದವರು ಈ ಸೀಮೆಯ ಊರೂರಿನಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಮತ್ತೆಂದೂ ಮುಟ್ಟಲಿಲ್ಲವೆಂಬುದೂ, ಹಲವರು ಮುಂದಿನ ಕೂಲಿ ಬಟವಾಡೆಯ ಸಂಜೆಯೇ ಮತ್ತೆ ಕುಡಿದು, ಆಣೆ ಮುರಿದ ಭೀತಿಯನ್ನೂ ಹೊತ್ತುಕೊಂಡು, ಆ ಭೀತಿಯನ್ನು ಮರೆಯಲೆಂದೇ ಇನ್ನಷ್ಟು ಕುಡಿದರೆಂಬುದೂ ಯಾರಿಗೂ ತಿಳಿಯದ ಸಂಗತಿಯಲ್ಲ. ಭಕ್ತಿಯಲ್ಲಿ ಕೊರತೆಯಿತ್ತು, ಅದಕ್ಕೇ ಹೀಗಾಯಿತು ಎಂದು ಅಂಥವರ ಬಗ್ಗೆ ಹೇಳುವುದು ಅನ್ಯಾಯ. ಆಣೆ ಇಡುವಾಗ ಮನುಷ್ಯ ಒಬ್ಬನೇ ಇರುತ್ತಾನೆ, ಅದನ್ನು ಕಾಯಬೇಕಾದ ಸಂಜೆಗಳಲ್ಲಿಯೂ ಒಬ್ಬನೇ ಉಳಿಯುತ್ತಾನೆ, ಕುಡಿತದ ಗೆಳೆಯರು ಮಾತ್ರ ಮೊದಲಿದ್ದಷ್ಟೇ ಮಂದಿ ಮೊದಲಿದ್ದ ಜಾಗದಲ್ಲೇ ಕಾದಿರುತ್ತಾರೆ, ತೊಡಕಿರುವುದು ಅಲ್ಲಿ. ಆದುದರಿಂದ ಬಿಡುವ ಹಾದಿಯಲ್ಲಿ ಜೊತೆಗಾರರನ್ನು ಎಲ್ಲಿ, ಹೇಗೆ ಹುಡುಕಿಕೊಳ್ಳಬೇಕೆಂಬುದನ್ನು ಕಿರಿಯರಿಗೆ ತಿಳಿಸಲೆಂದು ಈ ಪತ್ರ.

ಹುಡುಕಾಟಕ್ಕೆ ಮುನ್ನ ದೇಹದ ವಿಚಾರವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ದಿನವೂ ಹೆಚ್ಚಾಗಿ ಕುಡಿಯುವವರ ಮಿದುಳು ಮದ್ಯದ ಮಂಕಿಗೆ ಎದುರಾಗಿ ತನ್ನ ಚಟುವಟಿಕೆಯನ್ನು ಏರಿಸಿಕೊಂಡೇ ಕೆಲಸ ಮಾಡಲು ಒಗ್ಗಿಹೋಗಿರುತ್ತದೆ. ಈ ಸ್ಥಿತಿಗೆ ಮದ್ಯ ಅವಲಂಬನೆ ಎಂದು ಹೆಸರು. ಮದ್ಯ ಥಟ್ಟನೆ ನಿಂತಾಗ ಏರಿದ ಚಟುವಟಿಕೆಗೆ ತಡೆಯೇ ಇಲ್ಲದಂತಾಗಿ, ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಗಳೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ; ಕೆಲವರಿಗೆ ಮೊದಲ 2 ದಿನಗಳಲ್ಲಿ ಫಿಟ್ಸ್ ಬರುತ್ತದೆ; ಇನ್ನು ಕೆಲವರಿಗೆ 2ರಿಂದ 4ನೆಯ ದಿನದ ನಡುವೆ, ಇಲ್ಲದ್ದು ಕಾಣಿಸುವ, ಹೊತ್ತು ಜಾಗಗಳ ಅರಿವು ತಪ್ಪುವ ಸನ್ನಿ ಹಿಡಿಯುತ್ತದೆ. ಹೀಗೆ ಸನ್ನಿ ಹಿಡಿದವರನ್ನು ಕಂಡು ಗಾಳಿ ಸೋಕಿದೆಯೆಂದು ಮಂತ್ರ ಹಾಕಿಸಲು ಕರೆದೊಯ್ದರೆ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ, ಏಕೆಂದರೆ ಚಿಕಿತ್ಸೆಯಿಲ್ಲದ ಸನ್ನಿ ಪ್ರಾಣಕ್ಕೇ ಎರವಾಗಬಲ್ಲದು. ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವವರು, ಹಿಂದೊಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದವರು ಯಾವ ಸಂಘಕ್ಕೂ ಮೊದಲು ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಯನ್ನೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯನ್ನೋ ಕಾಣತಕ್ಕದ್ದು; ಅಲ್ಲಿ ನಡುಕ ತಗ್ಗಿಸುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತ ಕೊಡುತ್ತಾರೆ, ಮಿದುಳಿನ ರಕ್ಷಣೆಗೆ ಥಯಮಿನ್ ಎಂಬ ಬಿ1 ಜೀವಸತ್ವ ನೀಡುತ್ತಾರೆ. ರಾತ್ರಿ ಹೊತ್ತು ದಿಕ್ಕು ತೋಚದಾದಾಗ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಉಚಿತವಾಗಿ, ಕನ್ನಡದಲ್ಲಿಯೂ ಉತ್ತರಿಸುತ್ತದೆ. ವ್ಯಸನಕ್ಕೆಂದೇ 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಮನೆಯವರಿಗೂ ಇಲ್ಲೊಂದು ಮಾತು ಹೇಳಲೇಬೇಕು. ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ, ಮಾತ್ರೆಗಳೆಂದು ಮಾರಾಟವಾಗುವವುಗಳಲ್ಲಿ ಏನಿದೆಯೆಂದು ಕೊಂಡವರಿಗೆ ತಿಳಿದಿರುವುದಿಲ್ಲ. ಅದು ಡೈಸಲ್ಫಿರಾಮ್ ಆಗಿದ್ದರೆ, ತಿಂದವರು ಮದ್ಯ ಕುಡಿದಾಗ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯವಾಗಬಹುದು. ಆ ಔಷಧಿ ಇರುವುದು ರೋಗಿಯ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಕೊಡಲಿಕ್ಕೆ. ಪ್ರೀತಿಯಿಂದಲೇ ಆದರೂ ಕದ್ದು ಕೊಡುವುದು ಸಲ್ಲದು.

ದೇಹ ಹತೋಟಿಗೆ ಬರುವುದು ಒಂದು ವಾರದ ಕೆಲಸ. ಆ ಮೇಲಿನ ವರ್ಷಗಳಿಗೇ ಒಡನಾಡಿಗಳು ಬೇಕಾಗುವುದು. ಕೇಂದ್ರ ಸರ್ಕಾರದ ಪರವಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಅವರಲ್ಲಿ ಕುಡಿತದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು 5.7 ಕೋಟಿ, ಅವಲಂಬನೆಗೆ ಸಿಲುಕಿದವರಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದೆವೆಂದವರು 38ಕ್ಕೆ ಒಬ್ಬರು ಮಾತ್ರ. ಇಷ್ಟು ಜನಕ್ಕೆ ಸಾಲುವಷ್ಟು ಮನೋವೈದ್ಯರು ಮುಂದಿನ ಒಂದು ತಲೆಮಾರಿನಲ್ಲೂ ತಯಾರಾಗಲಾರರು. ಕುಡಿತ ಬಿಟ್ಟವರೇ ಬಿಡಬೇಕೆನ್ನುವವರಿಗೆ ಆಸರೆಯಾಗುವ ಪದ್ಧತಿಗೆ ಇಷ್ಟು ಮಹತ್ವ ಬಂದಿರುವುದಕ್ಕೆ ಇದೂ ಒಂದು ಕಾರಣ. ಆದರೆ ವೈದ್ಯರ ಕೊರತೆಯನ್ನು ತುಂಬುವುದಕ್ಕಷ್ಟೇ ಆ ಪದ್ಧತಿ ಹುಟ್ಟಿದ್ದಲ್ಲ.

ಅದು ಹುಟ್ಟಿದ ಬಗೆ ತಿಳಿಯತಕ್ಕದ್ದು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವನು, ಅಮೆರಿಕದ ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕೆಂದು ಹೋಗಿ ಅದರಲ್ಲಿ ಸೋತು, ಪರವೂರಿನ ಹೋಟೆಲಿನಲ್ಲಿ ಒಬ್ಬನೇ ಉಳಿದ. ಹಜಾರದ ಒಂದು ಬದಿಗೆ ಬಾರಿನ ಗದ್ದಲ, ಇನ್ನೊಂದು ಬದಿಗೆ ದೂರವಾಣಿ. ಇತರ ಕುಡುಕರಿಗೆ ಬುದ್ಧಿ ಹೇಳಲು ಹೋದಾಗ ಅವರಾರೂ ಬಿಡದಿದ್ದರೂ ತಾನು ಮಾತ್ರ ಕುಡಿಯದೆ ಉಳಿದದ್ದು ಅವನಿಗೆ ನೆನಪಾಯಿತು. ಊರಿನ ಪಾದ್ರಿಯೊಬ್ಬರಿಗೆ ಕರೆ ಮಾಡಿ, ಮಾತನಾಡಲು ಒಬ್ಬ ಕುಡುಕನನ್ನು ತೋರಿಸಿಕೊಡಬೇಕೆಂದು ಕೇಳಿದ. ಹಾಗೆ ಭೇಟಿಯಾದವರು ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರು, ಎಷ್ಟೋ ಸಲ ಬಿಡಲು ಹೋಗಿ ಸೋತವರು. ಕಾಲು ಗಂಟೆಗಿಂತ ಹೆಚ್ಚು ಕೂರಲಾರೆನೆಂದು ಬಂದ ಅವರು ರಾತ್ರಿ ಬಹಳ ಹೊತ್ತಿನವರೆಗೆ ಕುಳಿತರು, ಏಕೆಂದರೆ ಎದುರಿಗಿದ್ದವನು ಉಪದೇಶ ಮಾಡದೆ ತನ್ನ ಕುಡಿತದ ಕಥೆಯನ್ನಷ್ಟೇ ಹೇಳುತ್ತಿದ್ದ. ಆ ವೈದ್ಯರು ಕೊನೆಯ ಸಲ ಕುಡಿದರೆಂದು ಎಣಿಸುವ 1935ರ ಜೂನ್ 10ನ್ನು ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘಟನೆ ತನ್ನ ಹುಟ್ಟಿದ ದಿನವೆಂದು ಆಚರಿಸುತ್ತದೆ. ಎಎ ಎಂದೇ ಪರಿಚಿತವಾದ ಈ ಕೂಟ 1957ರಲ್ಲಿ ಭಾರತಕ್ಕೆ ಬಂದಿತು.

ಇಲ್ಲಿ ನೆರವು ಕೇಳಿಕೊಂಡು ಹೋದದ್ದು ಕುಡಿತ ಬಿಟ್ಟವನೇ ಎಂಬುದನ್ನು ಕಿರಿಯರು ಗಮನಿಸಬೇಕು. ಮಲೆನಾಡಿನ ಮುಯ್ಯಾಳಿನ ಪದ್ಧತಿಯಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ನಾಟಿಗೆ ಹೋದರೆ ಅದು ಉಪಕಾರವೂ ಅಲ್ಲ, ಕೂಲಿಯೂ ಅಲ್ಲ. ತಮ್ಮ ಗದ್ದೆಯ ನಾಟಿಯೂ ಅದರಲ್ಲೇ ಅಡಗಿರುತ್ತದೆ. ಕುಡಿತ ಬಿಟ್ಟವರ ಕೂಟವೂ ಅದೇ ಲೆಕ್ಕದಲ್ಲಿ ನಡೆಯುತ್ತದೆ. ಆದ್ದರಿಂದ ಹೊಸದಾಗಿ ಹೋಗುವವರು ಯಾರದೋ ಮನೆ ಬಾಗಿಲಿಗೆ ಭಿಕ್ಷೆಗೆ ಬಂದೆನೆಂಬ ಸಂಕೋಚ ಇಟ್ಟುಕೊಳ್ಳಬೇಕಾಗಿಲ್ಲ. ಅವರು ಬಂದದ್ದರಿಂದಲೇ ಹತ್ತು ವರ್ಷದ ಹಿಂದೆ ಬಿಟ್ಟವರ ಆ ವಾರವೂ ಸುಗಮವಾಗುತ್ತದೆ. ಈ ಕ್ರಮ ಫಲ ಕೊಡುತ್ತದೆಂಬುದಕ್ಕೆ ಆಧಾರವೂ ಇದೆ: ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2020ರಲ್ಲಿ, 10,565 ಜನರನ್ನೊಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿ, ರೋಗಿಗಳನ್ನು ಎಎ ಕೂಟಕ್ಕೆ ಕ್ರಮವಾಗಿ ಜೋಡಿಸುವ ಚಿಕಿತ್ಸೆಯು ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲಕಾರಿಯೆಂದು ಕಂಡುಕೊಂಡಿದೆ.

ಬಾಳೂರಿನವರಿಗೆ ಹತ್ತಿರದ ದಾರಿ ಘಟ್ಟದ ಕೆಳಗಿನಿಂದ ಬಂದದ್ದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರಿಂದ ಬೆಳ್ತಂಗಡಿಯಲ್ಲಿ ಆರಂಭವಾಯಿತು. ಕುಡಿತದ ಸಮಸ್ಯೆಗೆಂದು ಅದರ ಜೊತೆಗೂಡಿ ಕೆಲಸ ಮಾಡುತ್ತಿರುವುದು ಜನಜಾಗೃತಿ ವೇದಿಕೆ. ಈ ಎರಡೂ ಸೇರಿ ಊರಿನ ಶಾಲೆಯಲ್ಲೋ ಸಮುದಾಯ ಭವನದಲ್ಲೋ ನಡೆಸುವ 8 ದಿನಗಳ ಮದ್ಯವರ್ಜನ ಶಿಬಿರಗಳು ರಾಜ್ಯದಲ್ಲಿ ಸಾವಿರವನ್ನು ದಾಟಿವೆ. ಆಸ್ಪತ್ರೆಗೆ ರೋಗಿಯನ್ನು ಒಯ್ಯುವ ಬದಲು ಚಿಕಿತ್ಸೆಯನ್ನೇ ಊರಿಗೆ ತರುವ ಈ ಕ್ರಮವನ್ನು ತಮಿಳುನಾಡಿನ ಮಂಜಕ್ಕುಡಿಯಲ್ಲಿ ಶಾಂತಿ ರಂಗನಾಥನ್ ಅವರ ಚೆನ್ನೈನ ವ್ಯಸನಮುಕ್ತಿ ಸಂಸ್ಥೆಯೂ 1989ರಿಂದ ನಡೆಸಿ ತೋರಿಸಿದೆ. ಶಿಬಿರಕ್ಕೆ ಊರಿನವರದೇ ವ್ಯವಸ್ಥಾಪನಾ ಸಮಿತಿ ಇರುತ್ತದೆ. ಯೋಗ, ಭಜನೆ, ವೈದ್ಯರ ತಪಾಸಣೆ, ಕುಟುಂಬದವರೊಂದಿಗೆ ಆಪ್ತ ಸಮಾಲೋಚನೆ ಇವೆಲ್ಲ ದಿನಚರಿಯಲ್ಲಿ ಸೇರಿರುತ್ತವೆ. ಆದರೆ ಶಿಬಿರದ ಸಮಾರೋಪದ ಫೋಟೋ, ಹೂಮಾಲೆಗಳಿಗಿಂತ ಬೆಲೆಯುಳ್ಳದ್ದು ಆಮೇಲೆ ರಚನೆಯಾಗುವ ನವಜೀವನ ಸಮಿತಿ: ಶಿಬಿರದಿಂದ ಹೊರಬಂದವರು ನಿಯಮಿತವಾಗಿ ಒಂದೆಡೆ ಸೇರಿ, ಕಳೆದ ದಿನಗಳು ಹೇಗೆ ಹೋದವೆಂದು ಒಬ್ಬೊಬ್ಬರಾಗಿ ಹೇಳಿಕೊಳ್ಳುವ ಕೂಟ. ನೂರು ದಿನ ತುಂಬಿದಾಗ ಮನೆಯವರ ಸಮೇತ ಶತದಿನೋತ್ಸವ ನಡೆಸುತ್ತಾರೆ. ಶಿಬಿರ ಮುಗಿಸಿ ಸಮಿತಿಗೆ ಹೋಗದಿರುವವರು ಸಸಿ ನೆಡುವಷ್ಟು ಕೆಲಸ ಮಾತ್ರ ಮುಗಿಸಿರುತ್ತಾರೆಂದು ಅನುಭವಿಗಳು ಒತ್ತಿ ಹೇಳುತ್ತಾರೆ. ಆ ಮಾತು ನಂಬತಕ್ಕದ್ದು. ಶಿಬಿರ ಯಾವಾಗ, ಎಲ್ಲಿ ಎಂದು ತಿಳಿಯಲು ಊರಿನ ಸ್ವಸಹಾಯ ಸಂಘಗಳಿಗೆ ಬರುವ ಯೋಜನೆಯ ಸೇವಾಪ್ರತಿನಿಧಿಯನ್ನು ಕೇಳಿದರೆ ಸಾಕು. ತಾಯಿಗೋ ಹೆಂಡತಿಗೋ ಅವರ ಪರಿಚಯ ಇದ್ದೇ ಇರುತ್ತದೆ. ಭಜನೆ, ಪೂಜೆಗಳ ವಾತಾವರಣ ಒಗ್ಗದವರು, ಬೇರೆ ಧರ್ಮದವರು ಎಎ ಕಡೆಗೆ ತಿರುಗಬಹುದು. ಅಲ್ಲಿಯೂ ತನಗಿಂತ ಹಿರಿದಾದ ಶಕ್ತಿಯೆಂಬ ಮಾತು ಬರುತ್ತದೆ, ಆದರೆ ಆ ಶಕ್ತಿ ಯಾವುದೆಂದು ತಿಳಿಯುವುದನ್ನು ಅವರವರಿಗೇ ಬಿಡಲಾಗಿದೆ.

ಎಎ ಸಭೆಯಲ್ಲಿ ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಹಳಬರೊಬ್ಬರು ಹೊಸಬರ ಬೆನ್ನಿಗೆ ನಿಲ್ಲುತ್ತಾರೆ, ಅವರಿಗೆ ಸ್ಪಾನ್ಸರ್ ಎನ್ನುತ್ತಾರೆ. ಬೆಂಗಳೂರು, ಮಂಗಳೂರುಗಳಲ್ಲಿ ಹಲವು ಗುಂಪುಗಳಿವೆ. ಅಷ್ಟು ದೂರ ಹೋಗಲಾಗದವರಿಗೆ ಮೊಬೈಲಿನಲ್ಲಿ ಸೇರಬಹುದಾದ ಸಭೆಗಳೂ ಇವೆ, ಆದರೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರಿನಲ್ಲಿ ಅದನ್ನೊಂದೇ ನೆಚ್ಚಲಾಗದು.

ಹಾಗಾದರೆ ಊರಿನಲ್ಲೇ ಕೂಟವಿಲ್ಲದವರು ಏನು ಮಾಡಬೇಕು? ಇಬ್ಬರಿದ್ದರೆ ಕೂಟವಾಯಿತು, ಆಕ್ರನ್ನಿನಲ್ಲಿಯೂ ಇದ್ದದ್ದು ಇಬ್ಬರೇ. ದಿನದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಕಾಫಿ ತೋಟದ ಸೀಮೆಯಲ್ಲಿ ಅತಿ ಕಷ್ಟದ ಹೊತ್ತು ಬಟವಾಡೆಯ ಸಂಜೆ: ವಾರದ ಕೂಲಿ ಜೇಬಿನಲ್ಲಿರುತ್ತದೆ, ಹಣ್ಣು ಕೊಯ್ಲಿನ ದಿನಗಳಲ್ಲಾದರೆ ಹೆಚ್ಚು ಕೊಯ್ದದ್ದಕ್ಕೆ ಸಿಕ್ಕ ಹೆಚ್ಚಿನ ದುಡ್ಡೂ ಇರುತ್ತದೆ, ಮೈ ನೋಯುತ್ತಿರುತ್ತದೆ, ಲೈನ್ ಮನೆಯ ದಾರಿಯಲ್ಲಿ ಕರೆಯುವವರಿರುತ್ತಾರೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ಪ್ಯಾಕೆಟ್ ಹೋಯಿತು, ಆ ಜಾಗಕ್ಕೆ 90 ಮಿಲಿಯ ಪುಟ್ಟ ಟೆಟ್ರಾ ಪ್ಯಾಕ್ ಬಂದಿತು. ಸಂಜೆಯ ಕಷ್ಟ ಹಾಗೇ ಉಳಿಯಿತು. ಕೂಟ ಸೇರಬೇಕಾದದ್ದು ಆ ಸಂಜೆಯೇ, ಕೂಲಿ ಕೈಗೆ ಬಂದ ಅರ್ಧ ಗಂಟೆಯೊಳಗೆ, ದುಡ್ಡನ್ನು ಮನೆಗೆ ಮುಟ್ಟಿಸಿ. ಜೂನ್ ಬಂದ ಮೇಲೆ, ಜಡಿಮಳೆಗೆ ಮೈ ಬೆಚ್ಚಗಾಗಲು ಒಂದಿಷ್ಟು ಬೇಕೆಂಬ ಮಾತು ತೋಟ ತೋಟದಲ್ಲಿ ಕೇಳುತ್ತದೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ತೋರುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗಿ ಮೈ ಇನ್ನಷ್ಟು ತಣಿಯುತ್ತದೆ. ಅದರ ಬದಲು ಕೂಟದಲ್ಲಿ ಬಿಸಿಬಿಸಿ ಬೆಲ್ಲದ ಕಾಫಿ ಇರಲಿ.

ತೋಟದ ಸಮಾಜದಲ್ಲಿ ಮಾಲೀಕರು, ರೈಟರು, ಮೇಸ್ತ್ರಿ, ಆಳು ಎಂಬ ಮೆಟ್ಟಿಲುಗಳಿವೆ, ಜಾತಿಯ ಮೆಟ್ಟಿಲುಗಳಂತೂ ಇದ್ದೇ ಇವೆ. ಕುಡಿತ ಈ ಎಲ್ಲ ಮೆಟ್ಟಿಲುಗಳಲ್ಲೂ ಇದೆ. ಬಂಗಲೆಯೊಳಗಿನದು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಮಾಲೀಕರು ಕೂಟಕ್ಕೆ ಬರುವುದಾದರೆ ಬಿಡಬೇಕೆನ್ನುವವರಾಗಿ ಬಂದು ಎಲ್ಲರ ಸಾಲಿನಲ್ಲಿ ಕೂರಬೇಕೇ ಹೊರತು, ಯಾರು ಬಂದರು ಯಾರು ಬರಲಿಲ್ಲವೆಂದು ನೋಡಲು ಬರಕೂಡದು. ಸಭೆಯಲ್ಲಿ ಆಡಿದ ಮಾತು ನಾಳೆ ಕೆಲಸ ಹಂಚುವಾಗ ಎದುರಾದರೆ ಆ ಕೂಟ ಮುಗಿದಂತೆ. ಆದ್ದರಿಂದ ತೋಟದ ಕಚೇರಿಗಿಂತ ಶಾಲೆ, ಚರ್ಚಿನ ಸಭಾಂಗಣ, ಸಂಘದ ಕಟ್ಟಡಗಳೇ ಲೇಸು.

ಹೆಂಗಸರ ಕಷ್ಟ ಇದಕ್ಕಿಂತ ಹೆಚ್ಚಿನದು. ಕುಡಿಯುವ ಹೆಂಗಸರು ಇದ್ದಾರೆ, ಅವಮಾನದ ಭಯಕ್ಕೆ ಯಾವ ಶಿಬಿರಕ್ಕೂ ಬಾರರು. ಅವರಿಗೆ ಗಂಡಸರ ಕೂಟ ಒಗ್ಗುವುದಿಲ್ಲ, ನಂಬಿಕೆಯ ಆಶಾ ಕಾರ್ಯಕರ್ತೆಯ ಮೂಲಕ ಆಸ್ಪತ್ರೆಯ ಆಪ್ತ ಸಮಾಲೋಚಕರನ್ನು ಕಾಣುವುದು ಮೊದಲ ಹೆಜ್ಜೆ. ಕುಡಿಯುವವರ ಹೆಂಡಂದಿರಿಗೆ, ತಾಯಂದಿರಿಗೆ 1951ರಿಂದ ಅಲ್-ಅನಾನ್ ಎಂಬ ಪ್ರತ್ಯೇಕ ಕೂಟವಿದೆ. ಕುಡಿತಕ್ಕೆ ಅವರು ಕಾರಣರಲ್ಲ, ಅದನ್ನು ನಿಲ್ಲಿಸುವ ಹೊಣೆಯೂ ಅವರದಲ್ಲ ಎಂಬುದನ್ನು ಅಲ್ಲಿ ಕಲಿಯುತ್ತಾರೆ.

ಎಲ್ಲ ಕೂಟಗಳೂ ಒಳ್ಳೆಯವೆಂದು ತಿಳಿಯಬಾರದು. ಕೂಡಿಹಾಕುವ, ಹೊಡೆಯುವ, ಮುಂಗಡ ಹಣ ಕೇಳಿ ಖಚಿತ ಗುಣದ ಭರವಸೆ ಕೊಡುವ, ವೈದ್ಯರ ಮಾತ್ರೆ ನಿಲ್ಲಿಸೆನ್ನುವ ಜಾಗದಿಂದ ಕೂಡಲೇ ಎದ್ದು ಬರಬೇಕು. ಮತ್ತೆ ಕುಡಿದು ಬಂದವರನ್ನು ಹೇಗೆ ನೋಡಿಕೊಳ್ಳುತ್ತಾರೆಂಬುದು ಒಳ್ಳೆಯ ಕೂಟದ ಗುರುತು. ಮರುಕಳಿಕೆ ಈ ಕಾಯಿಲೆಯಲ್ಲಿ ಸಾಮಾನ್ಯ. ಮರುದಿನವೇ ಬಂದು ಹೇಳಿಕೊಂಡವರಿಗೆ ಕುರ್ಚಿ ಕೊಡುವ ಕೂಟವನ್ನು ಬಿಡಬಾರದು, ನಗುವ ಕೂಟಕ್ಕೆ ಮತ್ತೆ ಹೋಗಬಾರದು.

ಮೊದಲ ಸಲ ಹೋಗುವವರು ಮಾತನಾಡಲೇಬೇಕೆಂದಿಲ್ಲ. ಕುಳಿತು ಕೇಳಿದರೆ ಸಾಕು. ಹೊರಡುವ ಮುನ್ನ ಒಬ್ಬರ ಫೋನ್ ನಂಬರು ಬರೆದುಕೊಳ್ಳಬೇಕು, ಮುಂದಿನ ಬಟವಾಡೆಯ ದಿನ ತೋಟದಿಂದ ಹೊರಡುವ ಮೊದಲು, ಆಸೆ ಹುಟ್ಟಿದ್ದರೂ ಹುಟ್ಟದಿದ್ದರೂ, ಆ ನಂಬರಿಗೆ ಕರೆ ಮಾಡಬೇಕು.

ಇತಿ,
ಶುಭ ಹಾರೈಸುವ
ಬಾಳೂರಿನ ಹಿರಿಯರು